ತಂಗಿ ಕಂಪನಿಯ ಗಡಿಯಾರ

ನಾನು ಗಡಿಯಾರ ರಿಪೇರಿ ಮಾಡುವವಳು. ಹೀಗೆಂದ ಕೂಡಲೇ ಜನ ಗಂಡನ ಅಂಗಡಿಯೇ ಎಂದು ಕೇಳುತ್ತಾರೆ. ಅಲ್ಲ. ಗಂಡ ಬ್ಯಾಂಕಿನಲ್ಲಿದ್ದಾರೆ, ಗೋಡೆ ಗಡಿಯಾರಕ್ಕೆ ಸೆಲ್ ಹಾಕುವಾಗಲೂ ಪ್ಲಸ್ಸು ಮೈನಸ್ಸು ತಿರುವುಮುರುವು ಮಾಡುತ್ತಾರೆ. ಈ ವಿದ್ಯೆ ನನಗೆ ಅಪ್ಪನಿಂದ ಬಂದದ್ದು. ಅಪ್ಪ ಬೀದರ್ ಕಡೆಯವರು. ಹೈದರಾಬಾದಿನ ರಕ್ಷಣಾ ಇಲಾಖೆಯ ಕಾರ್ಖಾನೆಯೊಂದರಲ್ಲಿ ಅಳತೆಯ ಉಪಕರಣಗಳ ಮೆಕ್ಯಾನಿಕ್ ಆಗಿದ್ದರು. ರಜೆಯ ದಿನ ಕ್ವಾರ್ಟರ್ಸಿನ ಕಿಟಕಿಯ ಪಕ್ಕದ ಮೇಜಿನ ಮೇಲೆ ಬಿಳಿ ಕಾಗದ ಹಾಸಿ, ಜೊತೆಯವರ ಕೈಗಡಿಯಾರಗಳನ್ನು ಬಿಚ್ಚುತ್ತಿದ್ದರು. ಬಿಚ್ಚಿದ ಸ್ಕ್ರೂಗಳನ್ನು ಬಟ್ಟಲಲ್ಲಿ ಹಾಕಿಡುವುದು ನನ್ನ ಕೆಲಸ. ಫ್ಯಾನ್ ಹಾಕುವ ಹಾಗಿಲ್ಲ, ಜೋರಾಗಿ ಉಸಿರು ಬಿಡುವ ಹಾಗಿಲ್ಲ. ಹತ್ತನೇ ವಯಸ್ಸಿಗೇ ನಾನು ಉಸಿರು ಹಿಡಿಯುವುದರಲ್ಲಿ ಪಳಗಿದ್ದೆ.

ಅಪ್ಪ ನನಗೆ ಒಂದೇ ಒಂದು ನಿಯಮ ಹೇಳಿಕೊಟ್ಟರು. ಗಡಿಯಾರದ ಹಿಂದಿನ ಮುಚ್ಚಳ ತೆಗೆದಾಗ ಒಳಗೆ ಏನು ಕಾಣುತ್ತದೋ ಅದು ಅದರ ಒಡೆಯನ ಸೊತ್ತು. "ಮಾಲಕಗ ಮುಚ್ಚಬಾರದು, ಮಂದಿಗೆ ಬಿಚ್ಚಬಾರದು" ಎನ್ನುತ್ತಿದ್ದರು. ಎಷ್ಟೋ ಜನರ ಮಾವ ಕೊಟ್ಟ ವಿದೇಶಿ ಗಡಿಯಾರದೊಳಗೆ ಬೇರೆಯದೇ ಮಷಿನ್ ಇರುತ್ತಿತ್ತು. ಅಪ್ಪ ಅದನ್ನು ಒಡೆಯನಿಗೆ ಮಾತ್ರ ಪಕ್ಕಕ್ಕೆ ಕರೆದು ಹೇಳುತ್ತಿದ್ದರು. ಆಮೇಲೆ ಅವರ ಬಾಯಿಂದ ಆ ಸುದ್ದಿ ಎಂದೂ ಹೊರಗೆ ಬರುತ್ತಿರಲಿಲ್ಲ.

ಬಿ.ಎಸ್‌ಸಿ. ಮುಗಿದ ಮೇಲೆ ನಾನು ಅಮೀರ್‌ಪೇಟ್‌ನ ಒಂದು ಗಡಿಯಾರ ಸರ್ವಿಸ್ ಸೆಂಟರಿಗೆ ಸೇರಿಕೊಂಡೆ. ನನ್ನ ಗೆಳತಿಯರು ಅದೇ ಬೀದಿಯಲ್ಲಿ ಕಂಪ್ಯೂಟರ್ ಕೋರ್ಸಿಗೆ ಹೋಗುತ್ತಿದ್ದರು. ಬೆಂಚಿನ ಮುಂದೆ ಕೂತ ಹೆಂಗಸು ನಾನೊಬ್ಬಳೇ. ಹದಿನಾರು ವರ್ಷ ಅಲ್ಲಿ ದುಡಿದು, ಆಮೇಲೆ ದಿಲ್‌ಸುಖ್‌ನಗರದ ನಮ್ಮ ಮನೆಯ ಮುಂದಿನ ಕೋಣೆಯಲ್ಲೇ ಕೆಲಸ ಶುರು ಮಾಡಿದೆ. ಹಳೆಯ ಗಿರಾಕಿಗಳು ಹುಡುಕಿಕೊಂಡು ಬಂದರು. ಅವರಲ್ಲಿ ಗಚ್ಚಿಬೌಲಿಯ ಒಬ್ಬ ಡಾಕ್ಟರೂ ಇದ್ದರು.

ಡಾಕ್ಟರು ವಿಜಯಪುರದ ಕಡೆಯವರು. ನಲವತ್ತು ವರ್ಷಗಳಿಂದ ಈ ಊರಲ್ಲೇ ಇದ್ದವರು. ಅವರ ಹತ್ತಿರ ಹದಿನೈದರ ಮೇಲೆ ದುಬಾರಿ ಗಡಿಯಾರಗಳಿದ್ದವು. ಒಂದೊಂದರ ಬೆಲೆಗೆ ಒಂದೊಂದು ಕಾರು ಬರುತ್ತದೆ ಎಂದು ನನ್ನ ಗಂಡ ಹೇಳಿ ಹೇಳಿ ಸುಸ್ತಾಗುತ್ತಿದ್ದರು. ನನಗೆ ಬೆಲೆಯ ಮೇಲೆ ಸಿಟ್ಟಿಲ್ಲ. ಒಳ್ಳೆಯ ಮಷಿನ್ ತೆರೆದು ನೋಡುವುದೆಂದರೆ ನನಗೂ ಹಬ್ಬವೇ. ಡಾಕ್ಟರು ನನ್ನೊಂದಿಗೆ ಊರ ಕನ್ನಡದಲ್ಲಿ ಮಾತಾಡುತ್ತಿದ್ದರು, ನನ್ನನ್ನು ಅಕ್ಕಾರ ಎನ್ನುತ್ತಿದ್ದರು, ಗಡಿಯಾರ ಬಿಚ್ಚುವಾಗ ಪಕ್ಕದಲ್ಲಿ ಸ್ಟೂಲ್ ಹಾಕಿಕೊಂಡು ಚಿಕ್ಕ ಹುಡುಗನ ಹಾಗೆ ಕೂರುತ್ತಿದ್ದರು. ಅವರನ್ನು ನಾನು ನಿಜವಾಗಿಯೂ ಇಷ್ಟಪಡುತ್ತಿದ್ದೆ. ಅದನ್ನು ಇಲ್ಲಿ ಬರೆಯಲೇಬೇಕು, ಇಲ್ಲದಿದ್ದರೆ ಮುಂದಿನ ನನ್ನ ಕೋಪ ಅರ್ಥವಾಗುವುದಿಲ್ಲ.

ಅವರು ಮತ್ತು ಅವರಂಥ ಎಂಟು ಹತ್ತು ಜನ ಸೇರಿ ಒಂದು ಕೂಟ ಮಾಡಿಕೊಂಡಿದ್ದರು. ತಿಂಗಳಿಗೊಂದು ಭಾನುವಾರ ಡಾಕ್ಟರ ಅಪಾರ್ಟ್‌ಮೆಂಟಿನ ಕ್ಲಬ್‌ಹೌಸಿನಲ್ಲಿ ಸೇರಿ, ಒಬ್ಬರ ಗಡಿಯಾರ ಒಬ್ಬರು ನೋಡಿ, ಕಾಫಿ ಕುಡಿದು ಹೋಗುವುದು. ನನ್ನನ್ನೂ ಕರೆಯುತ್ತಿದ್ದರು. ಅಲ್ಲಿ ನಾನು ಮೊದಲ ಸಲ ಸಿಸ್ಟರ್ ಬ್ರ್ಯಾಂಡ್ ಎಂಬ ಮಾತು ಕೇಳಿದ್ದು. ದೊಡ್ಡ ಕಂಪನಿಯೊಂದು ತನ್ನ ಗಡಿಯಾರ ಎಲ್ಲರ ಕೈಗೆ ಎಟುಕುವುದಿಲ್ಲವೆಂದು, ಕಡಿಮೆ ಬೆಲೆಯಲ್ಲಿ ಬೇರೆ ಹೆಸರಿನಿಂದ ಇನ್ನೊಂದು ಕಂಪನಿ ನಡೆಸುತ್ತದೆ. ಅದೇ ತಂಗಿ ಕಂಪನಿ, ದೊಡ್ಡದು ಅಕ್ಕ. ಕಡಿಮೆ ಎಂದರೂ ನಮ್ಮಂಥವರಿಗೆ ವರ್ಷಗಟ್ಟಲೆ ಕೂಡಿಡಬೇಕಾದ ಬೆಲೆಯೇ. ನಾನು ಎರಡನ್ನೂ ಸಾಕಷ್ಟು ಬಿಚ್ಚಿದ್ದೇನೆ. ತಂಗಿಯ ಹಳೆಯ ಕಾಲದವುಗಳಲ್ಲಿ ಹೊರಗಿನ ಕೇಸು ಅಕ್ಕನದೇ, ತಿರುಗಿಸುವ ಚಾವಿಯ ಮೇಲೆ ಅಕ್ಕನದೇ ಗುರುತು, ನೀರು ತಡೆಯುವ ವಾಶರ್ ಅದೇ. ಒಳಗಿನ ಮಷಿನ್ ಮಾತ್ರ ಹೊರಗಿಂದ ಕೊಂಡದ್ದು. ಆ ಮಷಿನ್ ಕೂಡ ಗಟ್ಟಿಮುಟ್ಟಾದದ್ದು. ಜಗತ್ತಿನ ಯಾವ ಊರಿನ ಮೆಕ್ಯಾನಿಕ್ಕಿಗೂ ಅದರ ಬಿಡಿಭಾಗ ಸಿಗುತ್ತದೆ. ಮೂವತ್ತು ವರ್ಷ ತೊಟ್ಟು ಕೆಟ್ಟರೆ ಒಂದು ಮಧ್ಯಾಹ್ನದಲ್ಲಿ ಸರಿ ಮಾಡಬಹುದು. ರಿಪೇರಿ ಮಾಡುವವಳಾಗಿ ನನ್ನನ್ನು ಕೇಳಿದರೆ ಇದಕ್ಕಿಂತ ದೊಡ್ಡ ಗುಣ ಗಡಿಯಾರಕ್ಕೆ ಬೇಕಿಲ್ಲ.

ಆ ಕೂಟಕ್ಕೆ ಕಾಕಾನನ್ನು ಕರೆದುಕೊಂಡು ಹೋದವಳು ನಾನೇ. ಕಾಕಾ ಎಂದರೆ ಅಪ್ಪನ ಸ್ವಂತ ತಮ್ಮನಲ್ಲ. ಅಪ್ಪನ ಕಾರ್ಖಾನೆಯಲ್ಲೇ ಲೇಥ್ ಯಂತ್ರದ ಮೇಲೆ ಕೆಲಸ ಮಾಡುತ್ತಿದ್ದ ಕಲಬುರಗಿಯವರು. ನನ್ನ ಮದುವೆಯಲ್ಲಿ ಊಟದ ಉಸ್ತುವಾರಿ ನೋಡಿಕೊಂಡವರು. ಕೂದಲೆಳೆಯ ಅಳತೆಯಲ್ಲಿ ಉಕ್ಕು ಕೊರೆಯುತ್ತ ಜೀವನ ಕಳೆದವರಿಗೆ ಗಡಿಯಾರದ ಕೇಸು ನೋಡಿದರೆ ಏನೋ ಆಗುತ್ತದೆ. ಕಾಕಾ ಉಗುರಿನ ತುದಿಯನ್ನು ಅಂಚಿನ ಮೇಲೆ ಆಡಿಸಿ, ಇದನ್ನು ಕೊರೆದವನ ಕೈ ಎಂಥದ್ದೆಂದು ಹೇಳುತ್ತಿದ್ದರು.

ನಿವೃತ್ತಿಯಾದಾಗ ಅವರು ತಂಗಿ ಕಂಪನಿಯ ಒಂದು ಹೊಸ ಗಡಿಯಾರ ಕೊಂಡರು. ಶೋರೂಮಿನಲ್ಲಿ ಅಕ್ಕ ಕಂಪನಿಯದನ್ನೂ ನೋಡಬೇಕೆಂದರಂತೆ. ಅದು ಬರೀ ಡಿಸ್‌ಪ್ಲೇಗೆ, ಕೈಗೆ ಕೊಡುವುದಿಲ್ಲ ಎಂದರಂತೆ. ತಂಗಿಯದನ್ನು ಮಾತ್ರ ಬಟ್ಟೆ ಹಾಸಿದ ತಟ್ಟೆಯಲ್ಲಿಟ್ಟು ಮುಂದೆ ಸರಿಸಿದರು. ಕಾಕಾ ಅದರ ಅಂಚಿನ ಮೇಲೆ ಉಗುರಾಡಿಸಿ, ಜೊತೆಗೆ ಬಂದಿದ್ದ ಕಾಕಿಯ ಮುಖ ನೋಡಿದರು. ನೀವು ನಿಮಗೆ ಅಂತ ಏನು ತಗೊಂಡೀರಿ ಇಷ್ಟು ವರ್ಷ, ತಗೋರಿ ಎಂದು ಕಾಕಿ ಹೇಳಿದರಂತೆ. ಇದನ್ನು ಕಾಕಾ ನನಗೆ ಎಷ್ಟು ಸಲ ಹೇಳಿದ್ದಾರೋ ಲೆಕ್ಕವಿಲ್ಲ.

ಕೂಟದವರು ಮೊದಮೊದಲು ಕಾಕಾನನ್ನು ಚೆನ್ನಾಗಿಯೇ ಕಂಡರು. ಕಾರಣ ಈಗ ತಿಳಿಯುತ್ತದೆ. ಒಬ್ಬರ ಗಡಿಯಾರದ ಹಿಂದಿನ ಮುಚ್ಚಳ ತೆಗೆಯಲು ಬೇಕಾದ ವಿಶೇಷ ಕೀಲಿ ಎಲ್ಲೂ ಸಿಗದಿದ್ದಾಗ ಕಾಕಾ ಅದನ್ನು ಗೆಳೆಯನ ವರ್ಕ್‌ಶಾಪಿನಲ್ಲಿ ಕೊರೆದು ತಂದರು. ಇನ್ನೊಬ್ಬರಿಗೆ ಬೆಲ್ಟಿನ ಪಿನ್ನು. ಯಾರಿಂದಲೂ ಏನನ್ನೂ ತೆಗೆದುಕೊಳ್ಳಲಿಲ್ಲ. ಹಾಗಿರುವಾಗ ಡಾಕ್ಟರಿಗೆ ಪ್ರದರ್ಶನದ ಯೋಚನೆ ಬಂತು. ಒಂದು ಭಾನುವಾರ ಕ್ಲಬ್‌ಹೌಸಿನಲ್ಲಿ ಉದ್ದ ಮೇಜು ಹಾಕಿ, ಒಬ್ಬೊಬ್ಬರದು ಒಂದೆರಡು ಒಳ್ಳೆಯ ಗಡಿಯಾರ ಇಟ್ಟು, ಮನೆಯವರನ್ನು ನೆಂಟರನ್ನು ಕರೆದು ತೋರಿಸುವುದು. ಮುಂಬೈಯಿಂದ ಒಬ್ಬ ಹೆಸರುವಾಸಿ ಸಂಗ್ರಾಹಕರೂ ಬರುತ್ತಾರೆ ಎಂದಾಯಿತು. ಗಡಿಯಾರ ನಿಲ್ಲಿಸಲು ಏನಾದರೂ ಚೆಂದದ ಸ್ಟ್ಯಾಂಡ್ ಬೇಕಲ್ಲ ಎಂದು ಡಾಕ್ಟರು ಕಾಕಾನ ಕಡೆ ನೋಡಿದರು.

ಕಾಕಾ ಆರು ವಾರ ಆ ಸ್ಟ್ಯಾಂಡುಗಳ ಮೇಲೆ ಕೂತರು. ಹದಿನಾಲ್ಕು ಹಿತ್ತಾಳೆಯ ಸ್ಟ್ಯಾಂಡುಗಳು. ಕೆಳಗೆ ಅಗಲದ ಬುಡ, ಮೇಲೆ ಮಣಿಕಟ್ಟಿನ ಹಾಗೆ ಸ್ವಲ್ಪ ಚಪ್ಪಟೆಯಾದ ದುಂಡು. ಒಂದೊಂದನ್ನೂ ಬೂದಿಯಲ್ಲಿ ತಿಕ್ಕಿ, ಕಾಕಿಯ ಹಳೆಯ ರೇಷ್ಮೆ ಸೀರೆಯ ತುಂಡಿನಿಂದ ಒರೆಸಿ, ಪತ್ರಿಕೆಯಲ್ಲಿ ಸುತ್ತಿ, ಅಕ್ಕಿಚೀಲದಲ್ಲಿ ಹಾಕಿಕೊಂಡು ಬಂದರು. ಹದಿಮೂರು ಬೇರೆಯವರಿಗೆ, ಹದಿನಾಲ್ಕನೆಯದು ತಮ್ಮ ಗಡಿಯಾರಕ್ಕೆ. ಪಟ್ಟಿಯಲ್ಲಿ ಅವರ ಹೆಸರು ಇತ್ತು. ನಾನೇ ನೋಡಿದ್ದೆ.

ಆ ಭಾನುವಾರ ಬೆಳಿಗ್ಗೆ ನಾವಿಬ್ಬರೂ ದಿಲ್‌ಸುಖ್‌ನಗರದಲ್ಲಿ ಮೆಟ್ರೊ ಹತ್ತಿ, ಅಮೀರ್‌ಪೇಟ್‌ನಲ್ಲಿ ಬದಲಿಸಿ, ಕೊನೆಯಲ್ಲಿ ಆಟೊ ಹಿಡಿದು ಹೋದೆವು. ಚೀಲ ಭಾರವಿತ್ತು. ನಾನು ಒಂದು ಕಿವಿ ಹಿಡಿಯುತ್ತೇನೆಂದರೂ ಬಿಡಲಿಲ್ಲ. ಮನೆಯವರು ಹನ್ನೊಂದಕ್ಕೆ ಬರುವವರಿದ್ದರು, ಕಾಕಿ, ಮಗಳು, ಐದನೇ ಕ್ಲಾಸಿನ ಮೊಮ್ಮಗಳು. ಮೊಮ್ಮಗಳು ಶಾಲೆಯಲ್ಲಿ ಅಜ್ಜನ ಪ್ರದರ್ಶನ ಎಂದು ಹೇಳಿಬಂದಿದ್ದಾಳೆ ಎಂದು ಕಾಕಾ ದಾರಿಯುದ್ದಕ್ಕೂ ನಕ್ಕರು.

ಸ್ಟ್ಯಾಂಡುಗಳನ್ನು ಸಾಲಾಗಿ ಜೋಡಿಸಿ ಗಡಿಯಾರಗಳನ್ನು ಕೂರಿಸಿದ್ದಾಯಿತು. ಏಳನೆಯ ಸ್ಟ್ಯಾಂಡಿನ ಮೇಲೆ ಡಾಕ್ಟರ ಹೆಮ್ಮೆಯ ಗಡಿಯಾರ, ಅಕ್ಕ ಕಂಪನಿಯ ಹಳೆಯ ಮಾಡೆಲ್ಲು, ಹಳೆಯ ನವಾಬಿ ಮನೆತನವೊಂದರಿಂದ ಕೊಂಡದ್ದೆಂದು ಅವರು ಎಲ್ಲರಿಗೂ ಹೇಳುತ್ತಿದ್ದದ್ದು. ಕೊನೆಯದರ ಮೇಲೆ ಕಾಕಾ ತಮ್ಮದನ್ನು ಕೂರಿಸಿ, ಎರಡು ಹೆಜ್ಜೆ ಹಿಂದೆ ಸರಿದು ನೋಡಿದರು. ಅಷ್ಟರಲ್ಲಿ ಕೂಟದ ಒಬ್ಬರು ಡಾಕ್ಟರ ಕಿವಿಯಲ್ಲಿ ಏನೋ ಹೇಳಿದರು. ಡಾಕ್ಟರು ಮೇಜಿನ ಹತ್ತಿರ ಬಂದು, ಮುಂಬೈಯ ಅತಿಥಿ ಬಹಳ ಕಟ್ಟುನಿಟ್ಟಿನ ಮನುಷ್ಯ, ಲಕ್ಷುರಿ ಕಲೆಕ್ಷನ್ ಎಂದು ಕರೆದು ಸಿಸ್ಟರ್ ಬ್ರ್ಯಾಂಡ್ ಇಟ್ಟರೆ ಏನೆಂದುಕೊಳ್ಳುತ್ತಾರೋ ಎಂದು ಇಂಗ್ಲಿಷಿನಲ್ಲಿ ಚರ್ಚೆ ತೆಗೆದರು.

ನಾನು ಬದುಕಿನಲ್ಲಿ ಹಲವು ಅವಮಾನ ನೋಡಿದ್ದೇನೆ. ಇಷ್ಟು ಸಭ್ಯವಾದ ಅವಮಾನ ನೋಡಿದ್ದು ಅದೇ ಮೊದಲು. ಆರು ಜನ ಗಂಡಸರು ಕಾಕಾನನ್ನು ನಡುವೆ ನಿಲ್ಲಿಸಿಕೊಂಡು, ಅವರು ಅಲ್ಲಿ ಇಲ್ಲವೇ ಇಲ್ಲ ಎಂಬ ಹಾಗೆ, ಅವರ ಗಡಿಯಾರಕ್ಕೆ ಸಂಗ್ರಹದಲ್ಲಿ ಜಾಗವಿದೆಯೇ ಎಂದು ವಾದಿಸಿದರು. ಅದು ಮೊದಲ ಮೆಟ್ಟಿಲು, ಹತ್ತಿ ಮುಂದೆ ಹೋಗಬೇಕಾದದ್ದು ಎಂದರು ಒಬ್ಬರು. ಒಂದು ತಂಗಿ ಬಂದರೆ ಉಳಿದವುಗಳ ತೂಕ ಇಳಿಯುತ್ತದೆ ಎಂದರು ಇನ್ನೊಬ್ಬರು. ಗಡಿಯಾರ ಒಳ್ಳೆಯದೇ, ನನ್ನ ಡ್ರೈವರಿಗೆ ಕೊಡಬೇಕೆಂದಿದ್ದೆ ಎಂದು ಮೂರನೆಯವರು ನಕ್ಕರು. ಕಾಕಾನಿಗೆ ಇಂಗ್ಲಿಷ್ ಬರುವುದಿಲ್ಲ ಎಂದು ಅವರು ತಿಳಿದಿದ್ದರೋ ಏನೋ. ನಲವತ್ತು ವರ್ಷ ಇಂಗ್ಲಿಷ್ ನಕ್ಷೆ ಓದಿ ಉಕ್ಕು ಕೊರೆದವರು ಅವರು.

ಹೋದ ತಿಂಗಳು ನೀವೇ ಒಪ್ಪಿದ್ದಿರಲ್ಲ ಎಂದು ನಾನು ಕೇಳಿದೆ. ಡಾಕ್ಟರು ನನ್ನ ಕಡೆ ತಿರುಗಿ, ಮೇಡಂ, ಇದು ವೈಯಕ್ತಿಕ ಅಲ್ಲ, ಸ್ಟ್ಯಾಂಡರ್ಡಿನ ಪ್ರಶ್ನೆ ಎಂದರು. ಮನೆಯಲ್ಲಿ ಅಕ್ಕಾರ ಆಗಿದ್ದವಳು ಅಲ್ಲಿ ಮೇಡಂ ಆಗಿದ್ದೆ. ನಾನು ಮತ್ತೆ ಬಾಯಿ ತೆರೆಯುವಷ್ಟರಲ್ಲಿ ಕಾಕಾನೇ ಕೈ ಚಾಚಿ ತಮ್ಮ ಗಡಿಯಾರ ಎತ್ತಿಕೊಂಡರು. "ಇರ್ಲಿ ಬಿಡ್ರಿ, ಅತಿಥಿಗೋಳು ಬರಾಕತ್ತಾರ" ಎಂದು ಅದನ್ನು ಪ್ಯಾಂಟಿನ ಜೇಬಿನಲ್ಲಿ ಇಳಿಸಿದರು. ಕೈಗೆ ಕೂಡ ಕಟ್ಟಿಕೊಳ್ಳಲಿಲ್ಲ.

ಹತ್ತೂವರೆಗೆ ಅತಿಥಿ ಬಂದರು. ಅವರ ಕೈಯಲ್ಲಿದ್ದ ಗಡಿಯಾರವನ್ನು ಬಿಚ್ಚಿಸಿಕೊಂಡು, ಖಾಲಿಯಿದ್ದ ಹದಿನಾಲ್ಕನೆಯ ಸ್ಟ್ಯಾಂಡಿನ ಮೇಲೆ ಡಾಕ್ಟರೇ ಕೂರಿಸಿದರು. ಅತಿಥಿ ಸ್ಟ್ಯಾಂಡಿನ ಹೊಳಪು ನೋಡಿ, ಇದನ್ನು ಎಲ್ಲಿ ಮಾಡಿಸಿದಿರಿ ಎಂದು ಕೇಳಿದರು. ಇಲ್ಲೇ ಲೋಕಲ್ ಎಂದರು ಡಾಕ್ಟರು. ಕಾಕಾ ಆರು ಅಡಿ ದೂರದಲ್ಲಿ ನಿಂತಿದ್ದರು.

ಹನ್ನೊಂದಕ್ಕೆ ಕಾಕಿ, ಮಗಳು, ಮೊಮ್ಮಗಳು ಬಂದರು. ಕಾಕಿ ಮದುವೆಗೆ ಹೋಗುವ ಹಾಗೆ ಉಟ್ಟಿದ್ದರು. ಮೊಮ್ಮಗಳು ಮೇಜಿನ ಈ ತುದಿಯಿಂದ ಆ ತುದಿಗೆ ನಡೆದಳು, ಮತ್ತೆ ಹಿಂದಕ್ಕೆ ನಡೆದಳು. ಅಜ್ಜನ ಹತ್ತಿರ ಬಂದು ನಿನ್ನದೆಲ್ಲಿ ಎಂದು ಕೇಳಿದಳು. ಕಾಕಾ ನನ್ನತ್ತ ಕೈ ತೋರಿಸಿದರು.

"ನಿನ್ನೆ ಬಂದ್ ಬಿತ್ತು ಪುಟ್ಟಿ. ಆಂಟಿ ಹಂತೇಲಿ ರಿಪೇರಿಗೆ ಕೊಟ್ಟೀನಿ."

ಹುಡುಗಿ ನನ್ನ ಮುಖ ನೋಡಿ, ಯಾವಾಗ ಸರಿಯಾಗುತ್ತದೆ ಎಂದಳು. ಸಂಜೆಗೆ ಎಂದೆ. ಬೇರೆ ಏನು ಹೇಳಲಿ? ಅದು ಅವಳ ಅಜ್ಜನ ಜೇಬಿನಲ್ಲಿ ಸರಿಯಾಗಿ ನಡೆಯುತ್ತಿತ್ತು. ನನ್ನ ಕೆಲಸದ ಹೆಸರಿನಲ್ಲಿ ನಾನು ಹೇಳಿದ ಮೊದಲ ಸುಳ್ಳು ಅದು. ಗಂಡನ ಜೇಬಿನ ಉಬ್ಬು ಕಾಕಿಗೆ ಕಂಡಿತ್ತು ಎಂದು ಈಗಲೂ ನನಗೆ ಅನ್ನಿಸುತ್ತದೆ. ಸೆರಗು ಹೊದ್ದುಕೊಂಡು ಗೋಡೆಯ ಪಕ್ಕದ ಕುರ್ಚಿಯಲ್ಲಿ ಹೋಗಿ ಕೂತರು.

ಇನ್ನು ಏಳನೆಯ ಸ್ಟ್ಯಾಂಡಿನ ಮಾತು. ಪ್ರದರ್ಶನಕ್ಕೆ ಎರಡು ವರ್ಷ ಹಿಂದೆ ಆ ಗಡಿಯಾರವನ್ನು ಡಾಕ್ಟರು ಮೊದಲ ಸಲ ನನ್ನ ಹತ್ತಿರ ತಂದಾಗ ನಾನು ಮುಚ್ಚಳ ತೆಗೆದು ನೋಡಿದ್ದೆ. ಕೇಸು ಅಕ್ಕ ಕಂಪನಿಯದೇ, ಚಾವಿಯೂ ಅದರದೇ. ಒಳಗೆ ಇದ್ದದ್ದು ಹೊರಗಿಂದ ಕೊಂಡ ಮಷಿನ್, ತಂಗಿ ಕಂಪನಿ ಬಳಸುತ್ತಿದ್ದದ್ದು. ಮುಚ್ಚಳದ ಒಳಗಿನ ನಂಬರೂ ತಂಗಿಯದೇ. ಯಾರೋ ತಂಗಿಯ ಡಯಲ್ ಕಿತ್ತು, ಅಕ್ಕನ ಹೆಸರಿನ ಡಯಲ್ ಕೂರಿಸಿದ್ದರು. ನಾನು ಡಾಕ್ಟರಿಗೆ ಅಲ್ಲೇ ತೋರಿಸಿದೆ. ಅವರ ಮುಖ ಬಿಳಿಚಿತು. ಇದು ನಮ್ಮಿಬ್ಬರಲ್ಲೇ ಇರಲಿ ಎಂದರು. ಇರಲಿ ಎಂದೆ. ಅದು ಅವರ ಸೊತ್ತು. ಎಣ್ಣೆ ಹಾಕಿ, ಸರ್ವಿಸ್ ಮಾಡಿ, ನಮ್ಮವರೆಲ್ಲ ಮಾಡುವ ಹಾಗೆ ಮುಚ್ಚಳದ ಒಳಗೆ ನನ್ನ ಗುರುತು ಮತ್ತು ತಾರೀಖು ಸೂಜಿಯಿಂದ ಗೀಚಿ ಕೊಟ್ಟೆ.

ಅಂದರೆ ಅವತ್ತು ಮೇಜಿನ ನಟ್ಟನಡುವೆ, ಎಲ್ಲರೂ ಬಗ್ಗಿ ಬಗ್ಗಿ ನೋಡುತ್ತಿದ್ದದ್ದು ಒಂದು ತಂಗಿ ಕಂಪನಿಯ ಗಡಿಯಾರವನ್ನೇ. ಅದು ಗೊತ್ತಿದ್ದವರು ಆ ಕೋಣೆಯಲ್ಲಿ ಇಬ್ಬರೇ, ಆ ಇಬ್ಬರಲ್ಲಿ ಒಬ್ಬರು ಸ್ಟ್ಯಾಂಡರ್ಡಿನ ಪ್ರಶ್ನೆ ಎತ್ತಿ ಕಾಕಾನದನ್ನು ಇಳಿಸಿದ್ದರು.

ಮೈಕು ಹಿಡಿದು ಕೂಗಿಬಿಡಲೇ ಎಂದು ಒಂದು ಕ್ಷಣ ಅನ್ನಿಸಿದ್ದು ನಿಜ. ಅಪ್ಪ ಬದುಕಿದ್ದರೆ ಏನೆನ್ನುತ್ತಿದ್ದರು ಎಂದು ಯೋಚಿಸಿದೆ. ಆಮೇಲೆ ಡಾಕ್ಟರನ್ನು ಈಜುಕೊಳದ ಕಡೆಯ ಗಾಜಿನ ಬಾಗಿಲ ಹತ್ತಿರ ಕರೆದೆ.

"ಸಾಹೇಬ್ರ, ಏಳನೇದು ಹಂಗ ಇರೂದಾದ್ರ ಕಾಕಾರದೂ ಅಲ್ಲೇ ಇರಬೇಕು."

ಅವರು ಸುತ್ತ ನೋಡಿ ದನಿ ತಗ್ಗಿಸಿದರು. "ಅಕ್ಕಾರ, ಧಮಕಿ ಹಾಕಾಕತ್ತೀರೇನು?"

"ಇಲ್ರಿ. ಬೇಡಾಕತ್ತೀನಿ. ಎರಡು ತಾಸು ಇಡ್ರಿ ಸಾಕು. ಮೊಮ್ಮಗಳು ನೋಡಿ ಹೋಗ್ಲಿ. ಆ ಸ್ಟ್ಯಾಂಡ್ ಎಲ್ಲಾ ಅವರ ಕೈಲಿಂದ ಆಗ್ಯಾವ."

ಡಾಕ್ಟರು ಮೇಜಿನ ಹತ್ತಿರ ಹೋದರು. ಒಪ್ಪಿಕೊಂಡರು ಎಂದುಕೊಂಡೆ. ಅವರು ಏಳನೆಯ ಸ್ಟ್ಯಾಂಡಿನಿಂದ ತಮ್ಮ ಗಡಿಯಾರ ತೆಗೆದರು. ಅತಿಥಿಗೆ ಬೆಲ್ಟಿನ ಪಿನ್ನು ಸಡಿಲವಾಗಿದೆ ಎಂದರು, ಬಂದು ಎಲ್ಲರೆದುರು ಅದನ್ನು ನನ್ನ ಅಂಗೈಯಲ್ಲಿಟ್ಟು ಮೇಡಂ ನೋಡಿಕೊಳ್ಳುತ್ತಾರೆ ಎಂದರು. ಏಳನೆಯ ಸ್ಟ್ಯಾಂಡ್ ಮಧ್ಯಾಹ್ನದ ಊಟದ ತನಕ ಬರಿದಾಗಿಯೇ ನಿಂತಿತ್ತು. ಅದರ ಮೇಲೆ ಗಾಳಿ ಕೂತರೂ ಅಡ್ಡಿಯಿಲ್ಲ, ಕಾಕಾನ ಗಡಿಯಾರ ಕೂರಬಾರದು.

ಸೋಮವಾರ ಅವರ ಡ್ರೈವರನ್ನು ಕರೆಸಿ ಆ ಗಡಿಯಾರವನ್ನೂ, ನನ್ನಲ್ಲಿ ಸರ್ವಿಸಿಗೆ ಇದ್ದ ಅವರ ಇನ್ನೆರಡನ್ನೂ ಮುಟ್ಟದೆ ಹಾಗೇ ಕೊಟ್ಟು ಕಳಿಸಿದೆ. ಒಳ್ಳೆಯ ಗಿರಾಕಿ ಕಳಕೊಂಡೆ ಎಂದರು ಗಂಡ. ಕೂಟದ ಬಹುಪಾಲು ಜನ ನನ್ನ ಹತ್ತಿರ ಬರುವುದು ನಿಲ್ಲಿಸಿದರು. ಕಾಕಾ ಆಮೇಲೆ ಅಲ್ಲಿಗೆ ಹೋಗಲಿಲ್ಲ. ಯಾಕೆ ಬರಲಿಲ್ಲ ಎಂದು ಯಾರೂ ಫೋನ್ ಮಾಡಿ ಕೇಳಲೂ ಇಲ್ಲ. ಸ್ಟ್ಯಾಂಡುಗಳನ್ನು ಮಾತ್ರ ಹಿಂತಿರುಗಿಸಲಿಲ್ಲ.

ಇಷ್ಟಕ್ಕೇ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲವೇನೋ. ಏಳೆಂಟು ತಿಂಗಳ ಮೇಲೆ ಒಂದು ಶನಿವಾರ ಒಬ್ಬಳು ತೆಲುಗು ಹೆಣ್ಣುಮಗಳು ಬಂದಳು. ಮೂವತ್ತೈದರ ಸುಮಾರು. ಗಚ್ಚಿಬೌಲಿಯ ಒಂದು ಕಂಪನಿಯಲ್ಲಿ ಐವತ್ತು ಜನರ ತಂಡ ನೋಡಿಕೊಳ್ಳುತ್ತಾಳಂತೆ. ಹತ್ತು ವರ್ಷ ದುಡಿದದ್ದಕ್ಕೆ ತನಗೆ ತಾನೇ ಒಂದು ಉಡುಗೊರೆ ಕೊಟ್ಟುಕೊಂಡೆ, ದಿನಕ್ಕೆ ಐದು ನಿಮಿಷ ಹಿಂದೆ ಬೀಳುತ್ತದೆ ಎಂದು ಬ್ಯಾಗಿನಿಂದ ಮೆತ್ತನೆಯ ಡಬ್ಬಿ ತೆಗೆದಳು. ತೆರೆಯುವ ಮೊದಲೇ ಬೆಲ್ಟು ನೋಡಿ ಗುರುತು ಹಿಡಿದೆ. ಆ ಬೆಲ್ಟು ಹಾಕಿದವಳು ನಾನೇ.

ಡಾಕ್ಟರು ಅದನ್ನು ಅವಳಿಗೆ ಅಕ್ಕ ಕಂಪನಿಯ ಗಡಿಯಾರವೆಂದೇ ಮಾರಿದ್ದರು. ನವಾಬಿ ಮನೆತನದ ಕತೆಯನ್ನೂ ಜೊತೆಗೆ ಕೊಟ್ಟಿದ್ದರು. ಕಾಗದಪತ್ರ ಕೇಳಿದ್ದಕ್ಕೆ, ಇಷ್ಟು ಹಳೆಯದಕ್ಕೆ ಎಲ್ಲಿಯ ಕಾಗದ, ಡಾಕ್ಟರ ಮಾತು ಸಾಲದೇ ಎಂದಿದ್ದರಂತೆ.

ನಾನು ಮುಚ್ಚಳ ತೆಗೆಯುವ ಮೊದಲು ಎದ್ದು ಹೋಗಿ ಒಂದು ಲೋಟ ನೀರು ಕುಡಿದೆ. ಈಗ ಇದರ ಒಡತಿ ಇವಳು, ಇವಳಿಗೆ ಮುಚ್ಚುವ ಹಾಗಿಲ್ಲ. ಅಷ್ಟು ಸ್ಪಷ್ಟವಿತ್ತು. ಆದರೆ ನಾನು ಹೇಳಹೊರಟದ್ದು ನಿಯಮಕ್ಕಾಗಿಯೋ ಅಥವಾ ಕಾಕಾನ ಜೇಬಿಗಾಗಿಯೋ ಎಂದು ನನಗೇ ಗೊತ್ತಾಗಲಿಲ್ಲ. ಎರಡೂ ಇದ್ದವು. ಒಳಗೆ ಬಂದು ಅವಳ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿ ಒಂದೊಂದಾಗಿ ತೋರಿಸಿದೆ. ಇದು ಕೇಸು, ಇದು ನಂಬರು, ಇದು ಮಷಿನ್. ಹಾಗಾದರೆ ಇದು ನಕಲಿ ಮಾಲೇ ಎಂದು ತೆಲುಗಿನಲ್ಲಿ ಕೇಳಿದಳು. ಅಲ್ಲಮ್ಮ, ಮಷಿನ್ ಪ್ರಾಮಾಣಿಕವಾದದ್ದು, ಕೇಸು ಪ್ರಾಮಾಣಿಕವಾದದ್ದು, ಮೇಲೆ ಬರೆದ ಹೆಸರು ಮಾತ್ರ ಸುಳ್ಳು ಎಂದೆ. ಮಾರಿದವರಿಗೆ ಗೊತ್ತಿತ್ತೇ ಎಂಬುದು ಅವಳ ಮುಂದಿನ ಪ್ರಶ್ನೆ. ಅದಕ್ಕೆ ನಾನು ಬಾಯಿ ಬಿಡಲಿಲ್ಲ. ಆದರೆ ಅವಳು ಕನ್ನಡಿಯನ್ನು ಕಣ್ಣಿನಿಂದ ತೆಗೆದಿರಲಿಲ್ಲ. ಮುಚ್ಚಳದ ಒಳಗೆ ಗೀಚಿದ್ದನ್ನು ಓದಿ, ಇದು ಯಾರ ಗುರುತು ಎಂದಳು. ನನ್ನದು ಎಂದೆ. ತಾರೀಖು ಸುಮಾರು ಮೂರು ವರ್ಷ ಹಿಂದಿನದು. ಆಗ ಗಡಿಯಾರ ಡಾಕ್ಟರ ಹತ್ತಿರವೇ ಇತ್ತೆಂದು ಅವರೇ ಅವಳಿಗೆ ಹೇಳಿದ್ದರು, ಅವಳಿಗೆ ಅಷ್ಟು ಸಾಕಾಯಿತು.

ಎರಡು ದಿನದ ಮೇಲೆ ಡಾಕ್ಟರು ಫೋನ್ ಮಾಡಿದರು. ನಮಸ್ಕಾರ ಎನ್ನಲಿಲ್ಲ.

"ನನ್ನ ಮರ್ಯಾದಿ ತಗದ್ರಿ ನೀವು."

"ಮಾಲಕರು ಕೇಳಿದ್ರು, ತೋರಿಸೀನಿ. ನಿಮಗೂ ಹಿಂಗ ತೋರಿಸಿದ್ದೆ" ಎಂದೆ.

ಅವರು ಫೋನಿಟ್ಟರು. ಅವಳ ಹಣ ಅವಳಿಗೆ ಸಿಕ್ಕಿತು, ಗಡಿಯಾರ ಡಾಕ್ಟರ ಮನೆಗೆ ಮರಳಿತು. ಆಮೇಲೆ ಕೂಟದಲ್ಲಿ ಅವರು, ನವಾಬಿ ಮನೆಯವರು ನನಗೂ ಮೋಸ ಮಾಡಿದರು, ಪಾಪ ಆ ಹೆಣ್ಣುಮಗಳಿಗೆ ನಾನೇ ಕರೆದು ಹಣ ಕೊಟ್ಟೆ ಎಂದು ಹೇಳಿದರಂತೆ. ಎಲ್ಲರೂ ಮೆಚ್ಚಿದರಂತೆ. ನನ್ನ ಹತ್ತಿರ ಈಗಲೂ ಬರುವ ಒಬ್ಬರು ಇದನ್ನು ಹೇಳಿ, ದೊಡ್ಡ ಮನುಷ್ಯ ನೋಡಿ ಎಂದರು. ನಾನು ಅವರ ಗಡಿಯಾರದ ಮುಚ್ಚಳವನ್ನು ಬೇಕಾದ್ದಕ್ಕಿಂತ ಜೋರಾಗಿ ತಿರುಗಿಸಿದೆ. ಅವರಿಗೆ ನಿಜ ಹೇಳುವ ಹಾಗಿಲ್ಲ. ಅದು ಅವರ ಗಡಿಯಾರವಲ್ಲ. ಈ ನಿಯಮ ಕೆಟ್ಟವರನ್ನೇ ಹೆಚ್ಚು ಕಾಯುತ್ತದೆ ಎಂದು ಅಪ್ಪನಿಗೆ ಗೊತ್ತಿತ್ತೋ ಇಲ್ಲವೋ.

ಕಾಕಾನಿಗೆ ಮಾತ್ರ ಹೇಳಿದೆ. ನಿಯಮ ಮುರಿದು ಹೇಳಿದೆ, ಅದನ್ನು ಒಪ್ಪಿಕೊಳ್ಳುತ್ತೇನೆ. ಅವರ ಮನೆಯಲ್ಲಿ ಕಾಕಿ ಮಾಡಿದ ಮಂಡಕ್ಕಿ ಸುಸಲಾ ತಿನ್ನುತ್ತ ಎಲ್ಲವನ್ನೂ ಹೇಳಿದೆ, ಏಳನೆಯ ಸ್ಟ್ಯಾಂಡಿನದನ್ನೂ, ಅದು ಮೊದಲೇ ನನಗೆ ಗೊತ್ತಿದ್ದದ್ದನ್ನೂ. ಅವರು ನಗುತ್ತಾರೆ, ಸಮಾಧಾನವಾಗುತ್ತದೆ ಎಂದುಕೊಂಡಿದ್ದೆ. ಕಾಕಾ ತಟ್ಟೆ ಕೆಳಗಿಟ್ಟರು.

"ಅದರ ಡಯಲ್ ಏನಾತು ಯವ್ವಾ? ಅದರದ್ದ ಖರೇ ಡಯಲ್ಲು?"

ಗೊತ್ತಿಲ್ಲ, ಎಸೆದಿರಬೇಕು ಎಂದೆ.

"ಅರವತ್ತು ವರ್ಷ ತಪ್ಪದ ನಡದದ ಆ ಮಷಿನ್ನು. ಏನ್ ಕಡಿಮಿ ಆಗಿತ್ತು ಅದಕ್ಕ? ಮುಖ ಕಿತ್ತಿ ಬ್ಯಾರೇದವರ ಮುಖ ಹಚ್ಚಿ ಮೆರಸ್ಯಾರಲ್ಲ, ಆ ಡಾಕ್ಟರ್‌ಗ ನಾಚಿಕಿ ಬರಲಿಲ್ಲೇನು?"

ಪ್ರದರ್ಶನದ ದಿನ ತಮ್ಮ ಗಡಿಯಾರ ಜೇಬಿಗಿಳಿಸಿ ಸುಮ್ಮನೆ ನಿಂತಿದ್ದ ಮನುಷ್ಯ ಇವರೇ. ನಾನು ಅವರಿಗೆ ಸಿಟ್ಟು ಬಂದದ್ದು ನೋಡಿದ್ದು ಅವತ್ತೊಂದೇ ದಿನ. ಕಾಕಿ ಒಳಗಿಂದ ಬಂದು ಬರೀ ಗಡಿಯಾರಕ್ಕೆ ಇಷ್ಟ್ಯಾಕ ಎಂದು ಕೇಳಿ, ಅವರ ಮುಖ ನೋಡಿ, ಚಹಾ ಇಡಲು ಹೋದರು.

ಆ ತೆಲುಗು ಹೆಣ್ಣುಮಗಳು ಮೊನ್ನೆ ಮತ್ತೆ ಬಂದಿದ್ದಳು. ವಾಪಸ್ಸು ಬಂದ ಹಣದಲ್ಲಿ ಶೋರೂಮಿಗೆ ಹೋಗಿ ತಂಗಿ ಕಂಪನಿಯದೇ ಹೊಸದೊಂದು ಕೊಂಡು, ಉಳಿದದ್ದನ್ನು ಬ್ಯಾಂಕಿನಲ್ಲಿ ಇಟ್ಟಳಂತೆ. ಒಳಗೆ ಏನಿದೆಯೋ ಹೊರಗೂ ಅದೇ ಬರೆದಿರುವುದು ಬೇಕೆನಿಸಿತು ಎಂದಳು. ಕೈ ಚಾಚಿ ತೋರಿಸಿದಳು, ನೀಲಿ ಡಯಲ್ಲು, ಅವಳ ಸಣ್ಣ ಮಣಿಕಟ್ಟಿಗೆ ಒಪ್ಪುವಷ್ಟೇ ಅಗಲ. ನಾನು ಚಾವಿ ತಿರುಗಿಸಿ, ಕಿವಿಗಿಟ್ಟು ಕೇಳಿ, ಚೆನ್ನಾಗಿದೆ ಎಂದೆ.

ಹೊರಡುವಾಗ ನಗುತ್ತ ಇನ್ನೊಂದು ಮಾತು ಹೇಳಿದಳು. ಬಿಲ್ಲು ಮಾಡುವಾಗ ಶೋರೂಮಿನವನು, ಸದ್ಯಕ್ಕೆ ಇದರಿಂದ ಶುರು ಮಾಡಿ ಮೇಡಂ, ಮುಂದೆ ಅಕ್ಕನಿಗೆ ಅಪ್‌ಗ್ರೇಡ್ ಆಗುವಿರಂತೆ ಎಂದನಂತೆ. ಅವಳಿಗೆ ಅದು ತಮಾಷೆಯಾಗಿ ಕಂಡಿತ್ತು. ನನಗೆ ಕ್ಲಬ್‌ಹೌಸಿನಲ್ಲಿ ಕೇಳಿದ ಮೊದಲ ಮೆಟ್ಟಿಲಿನ ಮಾತು ನೆನಪಾಯಿತು. ನಾನು ಯಾವ ಶೋರೂಮು, ಎಲ್ಲಿದೆ ಎಂದು ಕೇಳಿದೆ. ಯಾಕೆ ಎಂದಳು. ಹೋಗಿ ಅವನ ಹತ್ತಿರ ಸ್ವಲ್ಪ ಮಾತಾಡಬೇಕು ಎಂದೆ. ಅವಳು ನನ್ನ ಮುಖ ನೋಡಿ ನಗು ನಿಲ್ಲಿಸಿದಳು. ಎಷ್ಟು ಕೇಳಿದರೂ ವಿಳಾಸ ಹೇಳದೆ, ಚಪ್ಪಲಿ ಹಾಕಿಕೊಂಡು ಹೋದಳು.